ಒಂದು ಟ್ಯಾಂಕಿಗೆ ಇಪ್ಪತ್ತು ಸಾಲು

"ನಿಲ್ಲಿಸಿ, ನಿಲ್ಲಿಸಿ! ಇನ್ನೊಂದು ಸಲ ಹಿಡೀತೀನಿ," ಎಂದು ಗುಮಾನಿ ಕೂಗಿದ. ಔಷಧಿ ಹೊಡೆಯುವ ಬ್ಲೋವರಿನ ಹಿಂದೆ ಕುಕ್ಕರುಗಾಲಲ್ಲಿ ಕೂತಿದ್ದ ಅವನ ಕೈಯಲ್ಲಿ ಅಳತೆಯ ಜಾರ್ ಇತ್ತು. ಕನ್ನಡಕದ ಮೇಲೆ, ಕಿವಿಯೊಳಗೆ, ಅಂಗಿಯ ಜೇಬಿನಲ್ಲಿ ಎಲ್ಲ ಕಡೆಯೂ ನೀರು.

"ಇದು ನಾಲ್ಕನೇ ಸಲ," ಎಂದರು ಟ್ರಾಕ್ಟರಿನ ಸೀಟಿನಿಂದ ಭಾವ. "ಅದೇ ನಾಝಲ್, ಅದೇ ನೀರು, ಅದೇ ನೀನು. ಬೇರೆ ಏನು ಬರುತ್ತೆ?"

"ಗಡಿಯಾರದ ಗುಂಡಿ ಒತ್ತೋದು ಅರ್ಧ ಸೆಕೆಂಡ್ ತಡ ಆಯ್ತು ಅನ್ಸುತ್ತೆ ಭಾವ."

"ಅನ್ಸುತ್ತಾ, ಆಯ್ತಾ?"

"ಅದೇ ಗೊತ್ತಾಗ್ತಿಲ್ಲ."

ಗುಮಾನಿ ಎಂಬುದು ಮನೆಯವರು ಇಟ್ಟ ಅಡ್ಡಹೆಸರು. ಬಾಗಿಲಿಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವನು ವಾಪಸ್ ಬಂದು ಬೀಗ ಎಳೆದು ನೋಡುತ್ತಿದ್ದ. ಎಳೆದಿದ್ದರಿಂದ ಸಡಿಲವಾಗಿರಬಹುದು ಎಂದು ಅನುಮಾನ ಬಂದು ಮತ್ತೊಮ್ಮೆ ಬರುತ್ತಿದ್ದ. ಹಗಲು ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುವ ಅವನು ನಲವತ್ತೊಂದನೆಯ ವಯಸ್ಸಿನಲ್ಲಿ ಸಂಜೆ ತರಗತಿಗೆ ಸೇರಿ, ದ್ರಾಕ್ಷಿ ತೋಟದ ಬ್ಲೋವರುಗಳನ್ನು ಅಳೆದು ಸರಿಪಡಿಸುವ ಕೆಲಸ ಕಲಿತಾಗ, ಅವನನ್ನು ಬಲ್ಲವರೆಲ್ಲ ಕೊನೆಗೂ ತಕ್ಕ ಜಾಗಕ್ಕೆ ಸೇರಿದ ಎಂದುಕೊಂಡರು.

ಆದರೆ ದ್ರಾಕ್ಷಿ ಕೊಳ್ಳುವ ಸಂಘದ ಅಳತೆಗಾರರ ಪಟ್ಟಿಗೆ ಹೆಸರು ಏರಬೇಕಾದರೆ ಮೇಲ್ವಿಚಾರಕಿಯ ಎದುರು ಒಂದು ಯಂತ್ರವನ್ನಾದರೂ ಸರಿಯಾಗಿ ಅಳೆದು ತೋರಿಸಬೇಕು. ಅದಕ್ಕೆ ಮೂರು ಅವಕಾಶ. ಮೊದಲ ಸಲ ಅವನು ಸಾಲುಗಳ ನಡುವಿನ ಅಗಲವನ್ನು ಅಳೆಯುತ್ತಲೇ ಇದ್ದು, ಅಷ್ಟರಲ್ಲಿ ಗಾಳಿ ಎದ್ದು ಪರೀಕ್ಷೆಯೇ ರದ್ದಾಯಿತು. ಎರಡನೆಯ ಸಲ ಒಂದೇ ನಾಝಲಿನ ನೀರನ್ನು ಹನ್ನೊಂದು ಬಾರಿ ಹಿಡಿದು, ಮೇಲ್ವಿಚಾರಕಿ ಬರುವ ಹೊತ್ತಿಗೆ ಟ್ಯಾಂಕಿನಲ್ಲಿ ನೀರೇ ಉಳಿದಿರಲಿಲ್ಲ. ಇದು ಮೂರನೆಯದು, ಕೊನೆಯದು. ಈ ಕಥೆಗಳನ್ನು ಕೇಳಿದ ಬೆಳೆಗಾರರು ಯಾರೂ ತಮ್ಮ ಯಂತ್ರವನ್ನು ಅವನ ಕೈಗೆ ಕೊಡಲು ಒಪ್ಪದೆ ಇದ್ದಾಗ, ಅಕ್ಕನೇ "ನಮ್ಮದಿದೆಯಲ್ಲ, ಬಾ" ಎಂದು ಕರೆದಿದ್ದಳು. ಮೇಲ್ವಿಚಾರಕಿ ಮೂರು ಗಂಟೆಗೆ ಬರುವವರಿದ್ದರು.

ಅಕ್ಕನ ಗಂಡ, ಅಂದರೆ ಟ್ರಾಕ್ಟರಿನ ಮೇಲಿದ್ದ ಈ ಭಾವ, ಸುತ್ತಲಿನ ದ್ರಾಕ್ಷಿ ಬೆಳೆಗಾರರ ಗುಂಪಿಗೆ ಅಧ್ಯಕ್ಷರು. ಔಷಧಿ ಹೊಡೆಯುವುದು ಹೇಗೆ ಎಂದು ಅವರು ಮಾತಿಗೆ ನಿಂತರೆ ಕೇಳುವವರ ಕೈಯಲ್ಲಿದ್ದ ಚಹಾ ತಣ್ಣಗಾಗುತ್ತಿತ್ತು. ಬರುವ ಭಾನುವಾರ ನೂರು ಜನರೆದುರು ಅದೇ ವಿಷಯದ ಮೇಲೆ ಅವರ ಭಾಷಣ. ಅದರ ತಾಲೀಮು ಬೆಳಗಿನಿಂದ ಗುಮಾನಿಯ ಮೇಲೆ ನಡೆದಿತ್ತು.

"ಎಲೆಗೆ ಸ್ನಾನ ಮಾಡಿಸಬಾರದು, ಮುಖ ತೊಳೆಸಬೇಕು," ಎಂದರು ಭಾವ. "ಹೇಗಿದೆ ಈ ಮಾತು?"

"ಚೆನ್ನಾಗಿದೆ ಭಾವ. ಸ್ವಲ್ಪ ಸುಮ್ಮನಿರಿ, ಸೆಕೆಂಡ್ ತಪ್ಪುತ್ತೆ."

ನೀರು ಚಿಮ್ಮುವ ಹತ್ತು ನಾಝಲ್‌ಗಳು, ಎಡಕ್ಕೆ ಐದು, ಬಲಕ್ಕೆ ಐದು. ನಿಮಿಷಕ್ಕೆ ಒಂದೊಂದರಿಂದ ಎರಡೂಕಾಲು ಲೀಟರ್. ಒಟ್ಟು ಇಪ್ಪತ್ತೆರಡೂವರೆ. ಇನ್ನು ವೇಗ ಅಳೆಯಬೇಕು. ಗುಮಾನಿ ನೂರು ಮೀಟರಿನ ಸಾಲಿನ ಎರಡೂ ತುದಿಗೆ ಗೂಟ ನೆಟ್ಟು, ಟೇಪು ಜಗ್ಗಿರಬಹುದೆಂದು ಒಮ್ಮೆ ಹೆಜ್ಜೆಯಲ್ಲೂ ಅಳೆದು, ಕೈ ಎತ್ತಿದ. ಭಾವನ ಮೊಣಕಾಲು ಸ್ಟಿಯರಿಂಗಿಗೆ ತಾಗುತ್ತಿತ್ತು. "ಈ ಸೀಟು ಯಾವಾಗ ಮುಂದೆ ಬಂತು?" ಎಂದು ಗೊಣಗಿ, ಅದನ್ನು ಹಿಂದೆ ತಳ್ಳಿ, ಬೆನ್ನು ನೆಟ್ಟಗೆ ಮಾಡಿ, ತಲೆಯ ಮೇಲೆ ತುಂಬಿದ ಕೊಡ ಇಟ್ಟುಕೊಂಡವರ ಹಾಗೆ ಅವರು ಹೊರಟರು. ಎರಡನೆಯ ಗೂಟ ದಾಟುವ ಹೊತ್ತಿಗೆ ಸರಿಯಾಗಿ ಎರಡು ನಿಮಿಷವಾಗಿತ್ತು.

ಗುಮಾನಿ ಮಂಡಿಯ ಮೇಲೆ ಪುಸ್ತಕ ಇಟ್ಟು ಲೆಕ್ಕ ಹಾಕಿದ. ಎರಡು ನಿಮಿಷಕ್ಕೆ ನಲವತ್ತೈದು ಲೀಟರ್. ಈ ತೋಟದ ಬಳ್ಳಿಗಳಿಗೆ ಸಾಲಿಗೆ ಬೇಕಾದದ್ದು ಮೂವತ್ತು. ಅವನ ಮುಖ ಅರಳಿತು. ಜೀವಮಾನದಲ್ಲಿ ಮೊದಲ ಸಲ ಅವನಿಗೆ ತನ್ನದಲ್ಲದ ಒಂದು ತಪ್ಪು ಸಿಕ್ಕಿತ್ತು.

"ಸಾಲಿಗೆ ಹದಿನೈದು ಲೀಟರ್ ಹೆಚ್ಚು ಹೋಗ್ತಿದೆ ಭಾವ."

"ನಾಲ್ಕು ವರ್ಷದಿಂದ ಈ ತೋಟಕ್ಕೆ ಬೂದಿ ರೋಗ ಕಾಲಿಟ್ಟಿಲ್ಲ. ಎಲೆ ಒಂದೂ ಸುಟ್ಟಿಲ್ಲ. ಹೆಚ್ಚು ಹೋಗ್ತಿದೆಯಂತೆ!"

"ನಿಮ್ಮ ತಪ್ಪಲ್ಲ, ನಾಝಲ್ ದೊಡ್ಡದು."

"ಹಾಗೆ ಹೇಳು ಮತ್ತೆ," ಎಂದು ಭಾವ ಸಮಾಧಾನವಾದರು.

ಗುಮಾನಿ ಚೀಲದಿಂದ ಸಣ್ಣ ನಾಝಲ್‌ಗಳನ್ನು ತೆಗೆದು ಹತ್ತನ್ನೂ ಬದಲಿಸಿದ. ನಿಮಿಷಕ್ಕೆ ಹದಿನೈದು ಲೀಟರ್. ಎರಡು ನಿಮಿಷದ ಒಂದು ಸಾಲಿಗೆ ಮೂವತ್ತು. ಲೆಕ್ಕ ಎಷ್ಟು ಚೆನ್ನಾಗಿ ಕೂತಿತ್ತೆಂದರೆ ಅವನು ಅದನ್ನು ಮತ್ತೆ ಹಾಕಿ ನೋಡಲಿಲ್ಲ. ಹಳೆಯ ನಾಝಲ್‌ಗಳನ್ನು ಡಬ್ಬಿಗೆ ಹಾಕಿ, ಸಣ್ಣ ದನಿಯಲ್ಲಿ ಏನೋ ಗುನುಗುತ್ತ, ಔಷಧಿ ಕೋಣೆಯಲ್ಲಿ ಇಡಲು ಹೋದ.

ಆ ಕೋಣೆಯ ಗೋಡೆಯೇ ಅವನ ನೆಮ್ಮದಿ ಕೆಡಿಸಿದ್ದು. ಬಾಗಿಲ ಪಕ್ಕದಲ್ಲಿ ಸೀಮೆಸುಣ್ಣದ ಗೀಟುಗಳಿದ್ದವು. ಪ್ರತಿ ಸಲ ಔಷಧಿ ಹೊಡೆದ ತಾರೀಖು, ಅದರ ಮುಂದೆ ಐದೈದು ಗೀಟಿನ ನಾಲ್ಕು ಕಟ್ಟು, ಆಮೇಲೆ ಟ್ಯಾಂಕ್ ಖಾಲಿ ಎಂಬುದಕ್ಕೆ ಒಂದು ಸೊನ್ನೆ. ಮತ್ತೆ ನಾಲ್ಕು ಕಟ್ಟು, ಮತ್ತೆ ಸೊನ್ನೆ. ಮೇಲಿಂದ ಕೆಳಗಿನವರೆಗೆ ಎಲ್ಲೂ ಬದಲಾವಣೆಯಿಲ್ಲ. ಒಂದು ಟ್ಯಾಂಕಿಗೆ ಇಪ್ಪತ್ತು ಸಾಲು.

ಟ್ಯಾಂಕು ಆರುನೂರು ಲೀಟರಿನದು. ಸಾಲಿಗೆ ನಲವತ್ತೈದರಂತೆ ಹೋಗಿದ್ದರೆ ಹದಿಮೂರು ಸಾಲಿಗೇ ಖಾಲಿಯಾಗಬೇಕಿತ್ತು.

ಮೊದಲು ಅವನಿಗೆ ಜಾರಿನ ಮೇಲೆ ಗುಮಾನಿ ಬಂತು. ಒಂದು ಲೀಟರಿನ ಬಾಟಲಿ ತಂದು ಸುರಿದು ನೋಡಿದ, ಜಾರ್ ಸರಿಯಿತ್ತು. ಗಡಿಯಾರವನ್ನು ಫೋನಿನ ಗಡಿಯಾರದ ಪಕ್ಕ ಇಟ್ಟ. ಎರಡೂ ಒಟ್ಟಿಗೆ ಓಡಿದವು. ಕೊನೆಗೆ ಎಂದಿನಂತೆ ತನ್ನ ಮೇಲೆಯೇ ಗುಮಾನಿ ಪಟ್ಟು, ಗುಣಾಕಾರವನ್ನು ಗೋಡೆಯ ಮೇಲೆ ಬೆರಳಿನಿಂದ ಬರೆದು ನೋಡಿದ. ತಾನೂ ಸರಿಯಿದ್ದೇನೆ ಎಂದು ಗೊತ್ತಾದಾಗ ಹೆದರಿಕೆ ಇನ್ನೂ ಹೆಚ್ಚಾಯಿತು.

ಭಾವ ಶೆಡ್ಡಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಭಾಷಣದ ಹಾಳೆಗಳನ್ನು ಜೋಡಿಸುತ್ತಿದ್ದರು.

"ಭಾವ, ಒಂದು ಟ್ಯಾಂಕಿಗೆ ಎಷ್ಟು ಸಾಲು ಆಗುತ್ತೆ?"

"ಅದು ಎಲೆಯ ದಟ್ಟಣೆ, ಗಾಳಿಯ ದಿಕ್ಕು, ಬೆಳೆಗಾರನ ಅನುಭವ, ಈ ಮೂರರ ಮೇಲೆ ನಿಂತಿದೆ."

"ಸುಮಾರಾಗಿ?"

"ಸುಮಾರು ಅನ್ನೋ ಮಾತು ವಿಜ್ಞಾನದಲ್ಲಿ ಇಲ್ಲ ಕಣಯ್ಯಾ," ಎಂದು ಭಾವ ಹಾಳೆ ತಿರುವಿದರು.

ಅಕ್ಕ ಅಡಿಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಅವನು ಬಾಗಿಲಲ್ಲಿ ನಿಂತು ಅದೇ ಪ್ರಶ್ನೆ ಕೇಳಿದ.

"ಇಪ್ಪತ್ತು," ಎಂದಳು ಅಕ್ಕ, ತಿರುಗಿಯೂ ನೋಡದೆ. "ಹತ್ತೊಂಬತ್ತನೇ ಸಾಲಿನ ಕೊನೆಗೆ ಕಾಲಡಿ ಪಂಪು ನಡುಗೋಕೆ ಶುರುವಾಗುತ್ತೆ. ಆಗ ಇನ್ನೊಂದೇ ಸಾಲು ಅಂತ ಲೆಕ್ಕ."

"ಯಾರ ಕಾಲಡಿ?"

ಚಾಕು ನಿಂತಿತು. ಅಕ್ಕ ಕೈ ಒರೆಸಿಕೊಂಡು ಬಂದು, ಅವನನ್ನು ಒಳಗೆಳೆದು, ಬಾಗಿಲು ಮುಂದೆ ಮಾಡಿದಳು.

"ಮೆಲ್ಲಗೆ ಮಾತಾಡು. ಏಳನೇ ಸಾಲಲ್ಲಿ ಒಂದು ಬೋಳು ಬಳ್ಳಿ ಇದೆಯಲ್ಲ, ನೋಡಿದೀಯಾ?"

"ಸಿಡಿಲು ಹೊಡೆದದ್ದಾ? ಭಾವ ಹೇಳಿದ್ರು."

"ಸಿಡಿಲಲ್ಲ, ನಿಮ್ಮ ಭಾವನ ಮಾತು ಹೊಡೆದದ್ದು. ಔಷಧಿ ಹೊಡೀತಿದ್ದವರು ಬೇಲಿ ಹತ್ರ ಯಾರೋ ಸಿಕ್ಕರು ಅಂತ ಟ್ರಾಕ್ಟರ್ ನಿಲ್ಲಿಸಿದ್ರು. ಬ್ಲೋವರ್ ನಿಲ್ಲಿಸಲಿಲ್ಲ. ಔಷಧಿ ಹದವಾಗಿ ಹೇಗೆ ಹೊಡೀಬೇಕು ಅಂತ ಅವರಿಗೆ ಕಾಲು ಗಂಟೆ ವಿವರಿಸಿದ್ರು. ಆ ಬಳ್ಳಿ ನಿಂತಲ್ಲೇ ನೆನೆದು, ಎರಡು ದಿನಕ್ಕೆ ಸುಟ್ಟು ಕರಕಲಾಯ್ತು. ನಾನು ಅದನ್ನ ಭಾಷಣದ ಬಳ್ಳಿ ಅಂತೀನಿ. ಅವತ್ತಿಂದ ನಾನೇ ಓಡಿಸೋದು. ಬೆಳಕು ಹರಿಯೋ ಹೊತ್ತಿಗೆ ಶುರು ಮಾಡಿ, ಊರು ಓಡಾಡೋ ಮುಂಚೆ ಮುಗಿಸಿಬಿಡ್ತೀನಿ."

"ನಾಲ್ಕು ವರ್ಷದಿಂದ?"

"ಹೂಂ. ಮುಖಕ್ಕೆ ಮಾಸ್ಕು, ತಲೆಗೆ ಟೋಪಿ. ನೋಡಿದವರೂ ಅವರೇ ಅಂದ್ಕೋತಾರೆ. ಸ್ವಲ್ಪ ಇಳಿದು ಹೋಗಿದಾರೆ ಪಾಪ ಅಂತ ಯಾರೋ ಕೇಳಿದ್ರಂತೆ."

ಗುಮಾನಿ ಅಲ್ಲೇ ನಿಂತು ಆರುನೂರನ್ನು ಇಪ್ಪತ್ತರಿಂದ ಭಾಗಿಸಿದ. ಮೂವತ್ತು. ಹಳೆಯ ನಾಝಲ್‌ನಲ್ಲಿ ಮೂವತ್ತು ಲೀಟರ್ ಬೀಳಬೇಕಾದರೆ ಒಂದು ನಿಮಿಷ ಇಪ್ಪತ್ತು ಸೆಕೆಂಡ್. ಬಳ್ಳಿಗೆ ಬೇಕಾದದ್ದೂ ಅದೇ ಮೂವತ್ತು.

"ಅಕ್ಕಾ, ನಿಂದು ಸರಿಯಾಗಿದೆ. ಹನಿ ಹೆಚ್ಚಿಲ್ಲ, ಹನಿ ಕಮ್ಮಿ ಇಲ್ಲ. ನಾನು ಬರೋ ಮುಂಚೆ ಎಲ್ಲ ಸರಿಯಾಗಿತ್ತು."

"ಈಗ?"

"ಈಗ ನಾನು ಸರಿಮಾಡಿದೀನಿ," ಎಂದ ಗುಮಾನಿ ಅಳುವ ದನಿಯಲ್ಲಿ. "ಸಣ್ಣ ನಾಝಲ್ ಹಾಕಿದೀನಿ. ನೀನು ನಿನ್ನ ವೇಗದಲ್ಲಿ ಹೋದ್ರೆ ಸಾಲಿಗೆ ಇಪ್ಪತ್ತೇ ಲೀಟರ್ ಬೀಳುತ್ತೆ. ಒಳಗಿನ ಎಲೆಗೆ ಔಷಧಿ ಮುಟ್ಟಲ್ಲ. ಬೂದಿ ರೋಗ ಬರುತ್ತೆ. ಭಾವನ ಹಾಗೆ ನಿಧಾನಕ್ಕೆ ಓಡಿಸ್ತೀಯಾ, ಎರಡು ನಿಮಿಷಕ್ಕೆ ಒಂದು ಸಾಲು?"

"ಗಾಳಿ ಏಳೋದ್ರೊಳಗೆ ನಲವತ್ತು ಸಾಲು ಮುಗೀಬೇಕು. ಅವರ ಹಾಗೆ ಮೆರವಣಿಗೆ ಹೋಗೋಕೆ ನಂಗೆಲ್ಲಿ ಪುರುಸೊತ್ತು?" ಎಂದಳು ಅಕ್ಕ. ಆಮೇಲೆ ಯೋಚಿಸಿ, "ಹೀಗೆ ಮಾಡು. ಇವತ್ತು ಸಣ್ಣದೇ ಇರಲಿ. ನಿಮ್ಮ ಭಾವ ಓಡಿಸಲಿ, ನಿಮ್ಮ ಮೇಡಂ ನೋಡಿಕೊಂಡು ಹೋಗಲಿ. ನಾಳೆ ಬಂದು ಹಳೇದು ಹಾಕಿಕೊಡು."

"ಪಾಸಾದ ಕೂಡಲೇ ಮೇಡಂ ನಾಝಲ್‌ಗಳಿಗೆ ಮುದ್ರೆ ಹಾಕ್ತಾರೆ. ಬೆಳೆ ಮುಗಿಯೋವರೆಗೆ ತೆಗೆಯೋ ಹಾಗಿಲ್ಲ. ಮುದ್ರೆ ಒಡೆದ್ರೆ ಸರ್ಟಿಫಿಕೇಟ್ ರದ್ದು, ನಿಮ್ಮ ದ್ರಾಕ್ಷಿನ ಸಂಘ ತಗೊಳ್ಳಲ್ಲ."

ಅಕ್ಕ ಹೆಚ್ಚಿದ ತರಕಾರಿಯನ್ನು ಪಾತ್ರೆಗೆ ಸುರಿದಳು.

"ನಾನು ಓಡಿಸೋದು ಮಾತ್ರ ಹೊರಗಿನವರಿಗೆ ಹೇಳಬೇಡ," ಎಂದಳು ಅಕ್ಕ. "ಭಾನುವಾರ ನೂರು ಜನರ ಎದುರು ನಿಂತು ಮಾತಾಡಬೇಕು ಅವರು. ಹದಿನೈದು ದಿನದಿಂದ ಕನ್ನಡಿ ಮುಂದೆ ಹೇಳಿಕೊಳ್ತಿದಾರೆ. ಮಾತು ಕೊಡು."

"ಹೇಳಲ್ಲ ಅಕ್ಕಾ."

ಮಾತು ಕೊಟ್ಟ ಮೇಲೆ ಉಳಿದದ್ದು ಎರಡೇ ದಾರಿ. ಸಣ್ಣ ನಾಝಲ್ ಬಿಟ್ಟರೆ ಮಧ್ಯಾಹ್ನದ ಪರೀಕ್ಷೆ ಹೂವೆತ್ತಿದಂತೆ ಮುಗಿದು ಅವನ ಹೆಸರು ಪಟ್ಟಿಗೆ ಏರುತ್ತದೆ. ತೋಟಕ್ಕೆ ರೋಗ ಬರುತ್ತದೆ. ದೊಡ್ಡದನ್ನು ವಾಪಸ್ ಹಾಕಿದರೆ ತೋಟ ಉಳಿಯುತ್ತದೆ. ಭಾವನ ಕೈಯಲ್ಲಿ ಪರೀಕ್ಷೆ ನೀರು ಪಾಲಾಗುತ್ತದೆ. ಗುಮಾನಿ ಬ್ಲೋವರಿನ ಹಿಂದೆ ಹೋಗಿ ಕೂತ. ಮೊದಲ ನಾಝಲ್ ಬಿಚ್ಚಲು ಅವನಿಗೆ ಹತ್ತು ನಿಮಿಷ ಹಿಡಿಯಿತು; ಉಳಿದ ಒಂಬತ್ತಕ್ಕೆ ಒಟ್ಟು ಐದು. ದೊಡ್ಡವನ್ನು ಹಾಕಿ ಬಿಗಿ ಮಾಡಿ, ಎದ್ದು ಹೋಗಿ, ವಾಪಸ್ ಬಂದು ಮತ್ತೆ ಬಿಗಿ ಮಾಡಿದ. ಫಾರಂನಲ್ಲಿ ಸಾಲಿಗೆ ಮೂವತ್ತು ಲೀಟರ್ ಎಂದೂ, ಒಂದು ನಿಮಿಷ ಇಪ್ಪತ್ತು ಸೆಕೆಂಡ್ ಎಂದೂ ತಿದ್ದಿದ. ಮೇಲ್ಗಡೆ 'ಚಾಲಕರು' ಎಂಬ ಜಾಗದಲ್ಲಿ ಪೆನ್ನು ಇಟ್ಟು, ತೆಗೆದು, ಮತ್ತೆ ಇಟ್ಟು, ಖಾಲಿ ಬಿಟ್ಟ.

ಮೇಲ್ವಿಚಾರಕಿ ಮೂರಕ್ಕೆ ಐದು ನಿಮಿಷವಿರುವಾಗಲೇ ಸ್ಕೂಟರಿನಲ್ಲಿ ಬಂದರು. ಸಂಜೆ ತರಗತಿಯಲ್ಲಿ ಪಾಠ ಹೇಳುತ್ತಿದ್ದವರೂ ಅವರೇ. ಕುಳ್ಳಗಿನ, ಗಟ್ಟಿ ಬೂಟಿನ ಹೆಂಗಸು. ಅನಾವಶ್ಯಕವಾಗಿ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ.

"ಟ್ಯಾಂಕಿನಲ್ಲಿ ನೀರಿದೆಯಾ?" ಎನ್ನುವುದು ಅವರ ಮೊದಲ ಮಾತು.

"ಇದೆ ಮೇಡಂ."

"ದೇವರು ದೊಡ್ಡವನು."

ಅವರು ಚೀಲದಿಂದ ಹಳದಿ ಕಾಗದದ ಚೂರುಗಳನ್ನು ತೆಗೆದು ಬಳ್ಳಿಯ ಮೇಲೆ, ನಡುವೆ, ಒಳಗೆ, ಎಲೆಗಳಿಗೆ ಸಿಕ್ಕಿಸಿದರು. ನೀರು ಬಿದ್ದಲ್ಲಿ ನೀಲಿ ಚುಕ್ಕೆ ಮೂಡುವ ಕಾಗದ ಅದು. ಚುಕ್ಕೆಗಳು ಒಂದಕ್ಕೊಂದು ತಾಗದೆ, ಕಾಗದದ ತುಂಬ ಸಮನಾಗಿ ಬಿದ್ದರೆ ಪಾಸು. ಭಾವ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು, ಗುಂಪಿನ ಪರವಾಗಿಯೂ ಸ್ವಂತ ಪರವಾಗಿಯೂ ಮೇಲ್ವಿಚಾರಕಿಯನ್ನು ಸ್ವಾಗತಿಸಿ, ಸಿಂಪಡಣೆ ಬೆಳೆದು ಬಂದ ಬಗೆಯನ್ನು ವಿವರಿಸಲು ಬಾಯಿ ತೆರೆದರು.

"ಹೊರಡಿ," ಎಂದರು ಮೇಲ್ವಿಚಾರಕಿ.

ಟ್ರಾಕ್ಟರ್ ಹೊರಟಿತು. ಬೆಳಗಿನದಕ್ಕಿಂತಲೂ ಗಂಭೀರವಾಗಿ ಹೊರಟಿತು. ಹಿಂದೆ ಬ್ಲೋವರಿನ ಎರಡೂ ಬದಿಗೆ ನೀರಿನ ರೆಕ್ಕೆ ಬಿಚ್ಚಿಕೊಂಡಿತು. ಎಲೆಗಳಿಂದ ತೊಟ್ಟಿಕ್ಕುವ ಸದ್ದು ಕೇಳಿಸತೊಡಗಿದಾಗ ಗುಮಾನಿ ಕಣ್ಣು ಮುಚ್ಚಿಕೊಂಡ. ಕಣ್ಣು ಬಿಟ್ಟಾಗ ಟ್ರಾಕ್ಟರ್ ನಡುಸಾಲಿನಲ್ಲಿ ನಿಂತಿತ್ತು. ಭಾವ ಸೀಟಿನಲ್ಲಿ ಅರ್ಧ ತಿರುಗಿ, ಪಕ್ಕದ ಸಾಲಿನಲ್ಲಿದ್ದ ಮೇಲ್ವಿಚಾರಕಿಗೆ ಕೈ ಬೀಸಿ ಬೀಸಿ ಏನೋ ಹೇಳುತ್ತಿದ್ದರು. ಫ್ಯಾನಿನ ಅಬ್ಬರದಲ್ಲಿ "ಮುಖ ತೊಳೆಸಬೇಕು" ಎಂಬುದೊಂದೇ ಕೇಳಿಸಿತು. ಅವರ ಹಿಂದೆ ನಾಲ್ಕು ಬಳ್ಳಿಗಳು ಕೊಳಾಯಿಯ ಕೆಳಗೆ ನಿಂತವರ ಹಾಗೆ ತಲೆ ತಗ್ಗಿಸಿ ನೆನೆಯುತ್ತಿದ್ದವು.

ಮೇಲ್ವಿಚಾರಕಿ ತಮ್ಮ ಕನ್ನಡಕ ಒರೆಸಿಕೊಂಡು, ಕಾಗದಗಳನ್ನು ತೆಗೆದು ಅಂಗೈ ಮೇಲೆ ಹರಡಿದರು. ಎಣಿಸಲು ಚುಕ್ಕೆಯೇ ಇರಲಿಲ್ಲ. ಶಾಯಿಯಲ್ಲಿ ಅದ್ದಿ ತೆಗೆದಂತೆ ಎಲ್ಲವೂ ಅಂಚಿನಿಂದ ಅಂಚಿಗೆ ನೀಲಿ. ಭಾವ ಇಳಿದು ಬಂದು ಇಣುಕಿ, "ಒಳ್ಳೆ ಬಣ್ಣ ಬಂದಿದೆ," ಎಂದರು. ಅಕ್ಕ ಶೆಡ್ಡಿನ ಕಂಬ ಹಿಡಿದು ನಿಂತಿದ್ದಳು.

"ಫಾರಂನಲ್ಲಿ ಒಂದು ನಿಮಿಷ ಇಪ್ಪತ್ತು ಸೆಕೆಂಡ್ ಅಂತ ಬರೆದಿದೀರಿ," ಎಂದರು ಮೇಲ್ವಿಚಾರಕಿ ಗುಮಾನಿಗೆ. "ನಾನು ನೋಡಿದ್ದು ಎರಡು ನಿಮಿಷ, ನಡುವಿನ ಉಪನ್ಯಾಸ ಬಿಟ್ಟು. ಇದು ಯಾರ ವೇಗ?"

ಗುಮಾನಿ ಟ್ರಾಕ್ಟರಿನ ಟೈರನ್ನು ನೋಡಿದ.

"ಚಾಲಕರು ಅನ್ನೋ ಜಾಗ ಖಾಲಿ ಬಿಟ್ಟಿದೀರಿ. ಅದು ಫಾರಂನ ಮೊದಲನೇ ಸಾಲು."

"ಮರೆತೆ ಮೇಡಂ."

ಭಾವ ಚಕ್ಕನೆ ತಲೆಯೆತ್ತಿದರು. ಇವನು ಏನನ್ನಾದರೂ ಮರೆತದ್ದನ್ನು ಅವರು ಇಪ್ಪತ್ತು ವರ್ಷದಲ್ಲಿ ಕಂಡಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಯಾವ ಮಾತನ್ನೂ ಇವನು ಇಷ್ಟು ಖಚಿತವಾಗಿ ಹೇಳಿದ್ದನ್ನು ಕೇಳಿರಲಿಲ್ಲ. ಅವರು ಬಾಗಿ ಫಾರಂ ನೋಡಿದರು. ಖಾಲಿ ಜಾಗದಲ್ಲಿ ಪೆನ್ನು ಇಟ್ಟು ತೆಗೆದ ಚುಕ್ಕೆಗಳು ಏಳೆಂಟು ಇದ್ದವು. ಒಂದು ನಿಮಿಷ ಇಪ್ಪತ್ತು ಸೆಕೆಂಡನ್ನು ನೋಡಿದರು. ಕಂಬದ ಹತ್ತಿರ ನಿಂತ ಹೆಂಡತಿಯನ್ನು ನೋಡಿದರು. ಅವಳು ಬೇರೆ ಕಡೆ ನೋಡುತ್ತಿದ್ದಳು.

"ಹಾಗಾದ್ರೆ ಮೂರನೇದೂ ಹೋಯ್ತು," ಎಂದು ಮೇಲ್ವಿಚಾರಕಿ ನಿಟ್ಟುಸಿರಿಟ್ಟು ಪೆನ್ನಿನ ಮುಚ್ಚಳ ತೆಗೆದರು. "ತರಗತಿಯಲ್ಲಿ ನಿಮ್ಮಷ್ಟು ಶ್ರದ್ಧೆಯವರು ಇರಲಿಲ್ಲ. ನಂಗೂ ಬೇಜಾರೇ."

ಗುಮಾನಿ ತಲೆಯಾಡಿಸಿದ. ಜಾರನ್ನು ಎದೆಗೆ ಒತ್ತಿ ಹಿಡಿದಿದ್ದ ಅವನ ಅಂಗಿ ಇನ್ನೊಮ್ಮೆ ಒದ್ದೆಯಾಗಿತ್ತು.

ಭಾವ ಗಂಟಲು ಸರಿಮಾಡಿಕೊಂಡರು. ಅಕ್ಕ ಕಂಬಕ್ಕೆ ಒರಗಿಕೊಂಡಳು. ಗುಮಾನಿಯೂ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಭಾವ ಹೀಗೆ ಗಂಟಲು ಸರಿಮಾಡಿಕೊಂಡರೆ ಅರ್ಧ ಗಂಟೆಗೆ ಕಮ್ಮಿಯಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

"ನಾನು ಓಡಿಸಲ್ಲ ಮೇಡಂ," ಎಂದರು ಭಾವ. "ಇವಳು ಓಡಿಸೋದು."

ಅಷ್ಟೇ. ಎಲ್ಲರೂ ಉಳಿದದ್ದಕ್ಕಾಗಿ ಕಾದರು. ಉಳಿದದ್ದು ಬರಲಿಲ್ಲ.

ಮೇಲ್ವಿಚಾರಕಿ ಪೆನ್ನು ಹಿಡಿದೇ ಅಕ್ಕನತ್ತ ತಿರುಗಿದರು. "ನಿಮಗೆ ಈಗ ಹತ್ತು ನಿಮಿಷ ಆಗುತ್ತಾ?"

"ಒಲೆ ಮೇಲೆ ಇಟ್ಟಿದೀನಿ," ಎಂದಳು ಅಕ್ಕ. "ಒಂದೂವರೆ ನಿಮಿಷ ಆಗುತ್ತೆ."

ಹೊಸ ಕಾಗದಗಳನ್ನು ನೀರು ತಾಗದ ಬೇರೆ ಸಾಲಿನಲ್ಲಿ ಸಿಕ್ಕಿಸಲಾಯಿತು. ಅಕ್ಕ ಟ್ರಾಕ್ಟರ್ ಹತ್ತಿ, ಸೀಟನ್ನು ಕಟಕ್ ಎಂದು ಮುಂದಕ್ಕೆ ಎಳೆದುಕೊಂಡು, ಒಮ್ಮೆ ಹಿಂದಿರುಗಿ ಹತ್ತೂ ನಾಝಲ್ ನೋಡಿ, ಗೇರು ಹಾಕಿದಳು. ಗುಮಾನಿ ಗಡಿಯಾರ ಒತ್ತಿದ. ಈ ಸಲ ಟ್ರಾಕ್ಟರಿನ ಹಿಂದೆ ನೀರಲ್ಲ, ಬರೀ ಮಂಜು. ಎಲೆಗಳು ಒಮ್ಮೆ ಬೆಳ್ಳಗೆ ತಿರುಗಿ, ಮತ್ತೆ ಹಸಿರಾಗಿ ನಿಂತವು. ಒಂದು ನಿಮಿಷ ಇಪ್ಪತ್ತೊಂದು ಸೆಕೆಂಡ್.

"ಒಂದು ಸೆಕೆಂಡ್ ಜಾಸ್ತಿ," ಎಂದು ಗುಮಾನಿ ಗಾಬರಿಯಾದ. "ನಾನು ಒತ್ತೋದು ತಡ ಆಯ್ತೋ ಏನೋ."

ಮೇಲ್ವಿಚಾರಕಿ ಕಾಗದಗಳನ್ನು ಬಿಡಿಸಿ ತಂದರು. ಅವರ ಅಂಗೈಯಲ್ಲಿದ್ದ ಆರು ಕಾಗದಗಳ ಮೇಲೂ ಸಾಸಿವೆ ಚೆಲ್ಲಿದ ಹಾಗೆ ನೀಲಿ ಚುಕ್ಕೆಗಳು ಬಿದ್ದಿದ್ದವು, ಯಾವುದೂ ಯಾವುದಕ್ಕೂ ತಾಗದೆ. ಅವರು ಭೂತಗನ್ನಡಿ ಹಿಡಿದು ನೋಡಿ, ಅದನ್ನು ಗುಮಾನಿಗೂ ಕೊಟ್ಟರು.

"ಸಣ್ಣ ನಾಝಲ್ ಚೀಲದಲ್ಲಿ ಒದ್ದೆಯಾಗಿದೆ. ಹಾಕಿ ತೆಗೆದಿರಾ?"

"ಹೌದು ಮೇಡಂ."

"ಅದನ್ನೇ ಬಿಟ್ಟಿದ್ರೆ ಮೊದಲ ಓಟಕ್ಕೇ ಪಾಸಾಗ್ತಿದ್ರಿ."

"ಹೌದು ಮೇಡಂ."

ಅವರು ಭೂತಗನ್ನಡಿಯನ್ನು ವಾಪಸ್ ತೆಗೆದುಕೊಂಡರು. "ಯಾರು ಓಡಿಸ್ತಾರೆ ಅಂತ ಕೇಳೋದು ಮೊದಲ ಪ್ರಶ್ನೆ. ನೀವು ಕೊನೆಗೆ ಕೇಳಿದಿರಿ. ಮುಂದಿನ ತೋಟದಲ್ಲಿ ಮೊದಲೇ ಕೇಳಿ," ಎಂದು ಫಾರಂನ ಕೆಳಗೆ ಸಹಿ ಹಾಕಿದರು. ಮುಂದಿನ ತೋಟ ಎಂದರೆ ಏನೆಂದು ಅರ್ಥವಾಗಲು ಗುಮಾನಿಗೆ ಅವರು ಹತ್ತೂ ನಾಝಲ್‌ಗಳಿಗೆ ಮುದ್ರೆ ಒತ್ತಿ ಮುಗಿಸುವಷ್ಟು ಹೊತ್ತು ಬೇಕಾಯಿತು. ಆಮೇಲೆ ಅವನು ಸಹಿಯನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದ.

"ಭಾನುವಾರ ಮಾತಾಡೋದು ನೀವೇ ಅಲ್ವಾ?" ಎಂದು ಮೇಲ್ವಿಚಾರಕಿ ಸ್ಕೂಟರಿನ ಹತ್ತಿರ ಭಾವನನ್ನು ಕೇಳಿದರು.

"ನೋಡೋಣ," ಎಂದರು ಭಾವ.

ಟ್ಯಾಂಕಿನಲ್ಲಿ ಇನ್ನೂ ಐನೂರು ಲೀಟರಿನಷ್ಟು ನೀರಿತ್ತು. ಖಾಲಿ ಮಾಡಿಯೇ ಒಳಗಿಡಬೇಕು ಎಂದು ಅಕ್ಕ ಗುಮಾನಿಯನ್ನು ಒಲೆ ಆರಿಸಲು ಕಳಿಸಿ, ಟ್ರಾಕ್ಟರನ್ನು ಮುಂದಿನ ಸಾಲಿಗೆ ತಿರುಗಿಸಿದಳು. ಸಾಲಿನ ಬಾಯಿಯಲ್ಲಿ ತಂತಿಯಿಂದ ಕಳಚಿದ ಒಂದು ಉದ್ದನೆಯ ಕುಡಿ ದಾರಿಗೆ ಅಡ್ಡವಾಗಿ ಜೋತುಬಿದ್ದಿತ್ತು. ಭಾವ ಇಸ್ತ್ರಿ ಅಂಗಿಯಲ್ಲೇ ಹೋಗಿ ಅದನ್ನು ಎರಡೂ ಕೈಯಿಂದ ತಲೆಯ ಮೇಲಕ್ಕೆ ಎತ್ತಿ ಹಿಡಿದು ನಿಂತರು. ಟ್ರಾಕ್ಟರ್ ಆ ಕುಡಿಯ ಕೆಳಗೆ ದಾಟಿತು. ಹಿಂದೆಯೇ ಬ್ಲೋವರ್ ದಾಟಿತು. ಮಂಜು ಕವಿದು ಅವರು ಕಾಣದಾದರು. ಮಂಜು ಇಳಿದಾಗ ಹುಬ್ಬು, ಮೀಸೆ ಎ‌ಲ್ಲ ಬೆಳ್ಳಗಾಗಿ, ಕೈ ಎತ್ತಿದಂತೆಯೇ ನಿಂತಿದ್ದರು. ಕುಡಿಯನ್ನು ಮೆಲ್ಲಗೆ ಕೆಳಗೆ ಬಿಟ್ಟು, ಅದಕ್ಕೂ ಮುಂದಿನ ಸಾಲಿನ ಬಾಯಿಯಲ್ಲಿ ಇನ್ನೊಂದು ಕುಡಿ ಜೋತುಬಿದ್ದದ್ದನ್ನು ನೋಡಿ, ಅತ್ತ ನಡೆದರು.